ನೀಲಿಯ ಜಾಡು ಹಿಡಿದ ಸಂಸ್ಥೆ

ಗಂಟಲು ನೋವು, ಕೆಮ್ಮು, ಜ್ವರ ಎಂದು ಡಾಕ್ಟರ ಬಳಿ ಹೋದವರ ಚೀಟಿಯಲ್ಲಿ ಅಜಿತ್ರೊಮೈಸಿನ್ ಎಂಬ ಹೆಸರು ನಮ್ಮಲ್ಲಿ ಮನೆಮಾತಾಗಿದೆ. ಆ ಮಾತ್ರೆಯನ್ನು ಔಷಧ ಕಾರ್ಖಾನೆ ಮಾಡುತ್ತದೆ ಎನ್ನುವುದು ಅರ್ಧ ಮಾತ್ರ ನಿಜ. ಕಾರ್ಖಾನೆಯ ಪಾಲು ಕೊನೆಯ ಕೆಲವು ಹಂತಗಳು. ಅದಕ್ಕೆ ತಾಯಿಬೇರಾದ ಎರಿತ್ರೊಮೈಸಿನ್ ಅಣುವನ್ನು ಇವತ್ತಿಗೂ ಕಟ್ಟಿಕೊಡುವುದು ಮಣ್ಣಿನ ಒಂದು ಬ್ಯಾಕ್ಟೀರಿಯ. ರಾಬರ್ಟ್ ವುಡ್‌ವರ್ಡ್ ಅವರಂಥ ರಸಾಯನಶಾಸ್ತ್ರದ ದಿಗ್ಗಜನ ಬಳಗ ವರ್ಷಗಟ್ಟಲೆ ದುಡಿದು ಆ ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟಿ 1981ರಲ್ಲಿ ಪ್ರಕಟಿಸಿತು. ಅಷ್ಟು ಹೊತ್ತಿಗೆ ವುಡ್‌ವರ್ಡ್ ತೀರಿಕೊಂಡು ಎರಡು ವರ್ಷವಾಗಿತ್ತು. ಹತ್ತಾರು ಹಂತಗಳ ಆ ದಾರಿಯಲ್ಲಿ ಯಾರೂ ಮಾರಾಟಕ್ಕೆ ಔಷಧ ಮಾಡಲಾರರು. ಬ್ಯಾಕ್ಟೀರಿಯವಾದರೋ ಅದನ್ನು ಕೆಲವು ದಿನಗಳಲ್ಲಿ, ನೀರಿನಲ್ಲಿ, ಸಾಧಾರಣ ಶಾಖದಲ್ಲಿ ಕಟ್ಟಿ ಮುಗಿಸುತ್ತದೆ.

ಇದು ಹೇಗೆ ಸಾಧ್ಯ, ಇಂಥ ಯಂತ್ರ ಅದರ ಒಳಗೆ ಹೇಗೆ ಬಂತು ಎಂಬ ಪ್ರಶ್ನೆಗಳಿಗೆ ಸಿಕ್ಕಿರುವ ಉತ್ತರಗಳಲ್ಲಿ ದೊಡ್ಡ ಪಾಲು ಒಂದು ಸಂಸ್ಥೆಯ ಲೆಕ್ಕಕ್ಕೆ ಸೇರಬೇಕು. ಅದು ಔಷಧ ಸಂಸ್ಥೆಯಲ್ಲ. ತೋಟಗಾರಿಕೆಗೆಂದು ಹುಟ್ಟಿದ್ದು: ಇಂಗ್ಲೆಂಡಿನ ಜಾನ್ ಇನ್ನಿಸ್ ಸಂಸ್ಥೆ.

ಜಾನ್ ಇನ್ನಿಸ್ ಲಂಡನ್ನಿನ ವ್ಯಾಪಾರಿ, ಮರ್ಟನ್ ಎಂಬಲ್ಲಿ ಬಹಳಷ್ಟು ಜಮೀನು ಉಳ್ಳವನು. 1904ರಲ್ಲಿ ಅವನು ತೀರಿಕೊಂಡಾಗ ಬಿಟ್ಟುಹೋದ ಆಸ್ತಿಯಿಂದ 1910ರಲ್ಲಿ ಅಲ್ಲೇ ತೋಟಗಾರಿಕೆ ಸಂಸ್ಥೆ ತೆರೆಯಿತು. ಮೊದಲ ನಿರ್ದೇಶಕ ವಿಲಿಯಂ ಬೇಟ್ಸನ್. ಮೆಂಡೆಲ್‌ನ ನಿಯಮಗಳನ್ನು ಇಂಗ್ಲಿಷ್ ಲೋಕಕ್ಕೆ ಮುಟ್ಟಿಸಲು ಹಟ ತೊಟ್ಟು ಹೋರಾಡಿದವನು, ತಳಿವಿಜ್ಞಾನಕ್ಕೆ ಇಂದಿನ ಇಂಗ್ಲಿಷ್ ಹೆಸರನ್ನು ಇಟ್ಟವನು ಎಂದು ಅವನನ್ನು ನೆನೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವನು 1894ರಲ್ಲೇ, ಮೆಂಡೆಲ್‌ನ ಹೆಸರು ಯಾರ ಬಾಯಲ್ಲೂ ಇಲ್ಲದ ಕಾಲದಲ್ಲಿ, ಬರೆದ ಒಂದು ದಪ್ಪ ಪುಸ್ತಕ. ಜೀವಿಗಳ ಮೈಯಲ್ಲಿ ಮತ್ತೆ ಮತ್ತೆ ಬರುವ ಭಾಗಗಳು, ಅಂದರೆ ಬೆನ್ನೆಲುಬಿನ ಮಣಿಗಳು, ಪಕ್ಕೆಲುಬು, ಬೆರಳು, ಹೂವಿನ ಎಸಳು, ಹುಳದ ಮೈಯ ಬಳೆಗಳು, ಒಮ್ಮೊಮ್ಮೆ ಎಣಿಕೆಯಲ್ಲಿ ಹೆಚ್ಚುಕಡಿಮೆ ಆಗುತ್ತವೆ; ಒಮ್ಮೊಮ್ಮೆ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಮೀಸೆ ಇರಬೇಕಾದಲ್ಲಿ ಕಾಲಿನ ಪಾದ ಬೆಳೆದ ಒಂದು ಕೀಟವನ್ನೂ ಅವನು ವರ್ಣಿಸಿದ್ದಾನೆ. ಇಂಥ ನೂರಾರು ಪ್ರಕರಣಗಳನ್ನು ಕಲೆಹಾಕಿ, ಹೊಸತು ಹುಟ್ಟುವುದು ಹೀಗೂ ಇರಬಹುದು ಎಂದ: ಇರುವ ತುಂಡೇ ಇನ್ನೊಮ್ಮೆ ಬಂದು, ಅಥವಾ ಬಿಟ್ಟುಹೋಗಿ, ಅಥವಾ ಜಾಗ ಬದಲಿಸಿ. ಆ ಕಾಲದವರು ಅದನ್ನು ಅಷ್ಟಾಗಿ ಒಪ್ಪಲಿಲ್ಲ. ಅವನೇ ಕಟ್ಟಿ ಬೆಳೆಸಿದ ಸಂಸ್ಥೆಯಲ್ಲಿ, ಅವನು ಕಂಡೇ ಇರದ ಜೀವಿಯೊಂದರ ಅಣುಗಳ ಮಟ್ಟದಲ್ಲಿ, ನೂರು ವರ್ಷದ ಮೇಲೆ ಆ ಮಾತು ಅಕ್ಷರಶಃ ನಿಜವಾಯಿತು. ಈ ಲೇಖನ ನೆನೆಯಹೊರಟಿರುವುದು ಅದನ್ನೇ.

ಮರ್ಟನ್‌ನ ದಿನಗಳಲ್ಲಿ ಸಂಸ್ಥೆಗೆ ಒಂದು ಒಳ್ಳೆಯ ಅಭ್ಯಾಸ ಬೆಳೆಯಿತು: ಬಣ್ಣದ ಬೆನ್ನು ಹತ್ತುವುದು. ಬೇಟ್ಸನ್ ಬಳಗದ ಮ್ಯೂರಿಯಲ್ ವೆಲ್‌ಡೇಲ್ ಹೂವಿನ ಬಣ್ಣಗಳ ಅನುವಂಶೀಯತೆಯನ್ನು ರಸಾಯನಶಾಸ್ತ್ರದ ಜತೆ ಹೆಣೆದವರಲ್ಲಿ ಮೊದಲಿಗರು. 1930ರ ದಶಕದಲ್ಲಿ ರೋಸ್ ಸ್ಕಾಟ್-ಮಾಂಕ್ರೀಫ್ ಅಲ್ಲಿನ ಗಿಡಗಳನ್ನೇ ಬಳಸಿ, ಯಾವ ಜೀನ್ ಬದಲಾದರೆ ಬಣ್ಣದ ಅಣುವಿನ ಯಾವ ಮೂಲೆ ಬದಲಾಗುತ್ತದೆ ಎಂದು ಒಂದೊಂದಾಗಿ ತೋರಿಸಿದರು. ಆ ಕೆಲಸದ ಬೆನ್ನಿಗೆ ನಿಂತವರು ಜೆ.ಬಿ.ಎಸ್. ಹಾಲ್ಡೇನ್, ಮುಂದೆ ಭಾರತಕ್ಕೇ ಬಂದು ನೆಲಸಿ, ಭುವನೇಶ್ವರದಲ್ಲಿ ಕೊನೆಯುಸಿರೆಳೆದ ಅದೇ ಹಾಲ್ಡೇನ್. ಯುದ್ಧದ ವರ್ಷಗಳಲ್ಲಿ, 1940ರಿಂದ 1945ರವರೆಗೆ, ತಲಶ್ಶೇರಿಯ ಇ.ಕೆ. ಜಾನಕಿ ಅಮ್ಮಾಳ್ ಅಲ್ಲಿ ವರ್ಣತಂತುಗಳ ಅಧ್ಯಯನ ಮಾಡಿದರು; ಸಿರಿಲ್ ಡಾರ್ಲಿಂಗ್‌ಟನ್ ಜತೆ ಅವರು ಸಿದ್ಧಪಡಿಸಿದ ಬೆಳೆಗಿಡಗಳ ವರ್ಣತಂತು ಕೋಶ 1945ರಲ್ಲಿ ಹೊರಬಂತು. ಸಾಮಾನ್ಯ ಇಂಗ್ಲಿಷ್ ತೋಟಗಾರನಿಗೆ ಮಾತ್ರ ಜಾನ್ ಇನ್ನಿಸ್ ಎಂದರೆ ಕುಂಡಕ್ಕೆ ತುಂಬುವ ಮಣ್ಣು. ಏಳು ಪಾಲು ಗೋಡುಮಣ್ಣು, ಮೂರು ಪಾಲು ಪೀಟ್, ಎರಡು ಪಾಲು ಮರಳು ಎಂಬ ಲೆಕ್ಕ ಅಲ್ಲಿ 1930ರ ದಶಕದಲ್ಲಿ ಗೊತ್ತಾದದ್ದು. ಆ ಗೋಡುಮಣ್ಣನ್ನು ಮೊದಲು ಹಬೆಯಲ್ಲಿ ಬೇಯಿಸಿ ರೋಗಾಣುಗಳನ್ನು ಕೊಲ್ಲಬೇಕಿತ್ತು.

ಸಂಸ್ಥೆ ಯುದ್ಧದ ನಂತರ ಮರ್ಟನ್‌ನಿಂದ ಬೇಫರ್ಡ್‌ಬರಿಗೆ, 1967ರಲ್ಲಿ ಅಲ್ಲಿಂದ ನಾರಿಚ್‌ಗೆ ಹೋಯಿತು. ಅಲ್ಲಿನ ಈಸ್ಟ್ ಆಂಗ್ಲಿಯ ವಿಶ್ವವಿದ್ಯಾಲಯದ ಜತೆ ನಂಟು ಬೆಳೆಯಿತು. 1968ರಲ್ಲಿ ತಳಿವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥರಾಗಿ ಗ್ಲಾಸ್ಗೋದಿಂದ ಬಂದವರು ಡೇವಿಡ್ ಹಾಪ್‌ವುಡ್. ಗಿಡಗಳ ಸಂಸ್ಥೆಗೆ ಅವರು ತಂದದ್ದು ಒಂದು ಬ್ಯಾಕ್ಟೀರಿಯ.

ಅದರ ಹೆಸರು ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್. ಹಾಪ್‌ವುಡ್ 1954ರಲ್ಲಿ ಕೇಂಬ್ರಿಡ್ಜಿನಲ್ಲಿ ಸಂಶೋಧನೆಗೆ ಕುಳಿತಾಗಲೇ ಅದನ್ನು ಆರಿಸಿಕೊಂಡಿದ್ದರು. ಆಗ ಎಲ್ಲರ ಕಣ್ಣು ಕರುಳಿನ ಇ. ಕೋಲಿ ಬ್ಯಾಕ್ಟೀರಿಯದ ಮೇಲೆ. ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯವೋ ಬೂಷ್ಟೋ ಎಂಬ ಅನುಮಾನವೇ ಪೂರ್ತಿ ಹೋಗಿರಲಿಲ್ಲ. ಎಳೆಎಳೆಯಾಗಿ ಮಣ್ಣಿನೊಳಗೆ ಹಬ್ಬುತ್ತದೆ, ಹೊಟ್ಟೆಗಿಲ್ಲದ ಕಾಲ ಬಂದರೆ ಗಾಳಿಗೆ ಎದ್ದು ನಿಂತ ಎಳೆಗಳ ತುದಿಯಲ್ಲಿ ಬೀಜಕಣ ಕಟ್ಟುತ್ತದೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ ಕಾರಣವಾದ ಜಿಯೊಸ್ಮಿನ್ ಅನ್ನು ಮಾಡುವುದು ಈ ಕುಲವೇ. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಮುಂತಾಗಿ ಆಗ ಬರುತ್ತಿದ್ದ ಆಂಟಿಬಯಾಟಿಕ್‌ಗಳಲ್ಲಿ ಬಹುಪಾಲು ಇದೇ ಬಳಗದ್ದು. ಔಷಧ ಕಂಪನಿಗಳು ಅದನ್ನು ಟ್ಯಾಂಕುಗಟ್ಟಲೆ ಬೆಳೆಸುತ್ತಿದ್ದವು. ಅದರ ಅನುವಂಶೀಯತೆಯ ಬಗ್ಗೆ ಮಾತ್ರ ಯಾರಿಗೂ ಹೆಚ್ಚು ಗೊತ್ತಿರಲಿಲ್ಲ. ಹಾಪ್‌ವುಡ್‌ರ ಆಯ್ಕೆಯಲ್ಲಿ ಔಷಧದ ಆಸೆ ಇರಲಿಲ್ಲ. ಅವರ ತಳಿ ಒಂದು ನೀಲಿ ಬಣ್ಣ ಕಕ್ಕುತ್ತಿತ್ತು, ಆ ಬಣ್ಣಕ್ಕೆ ಔಷಧವಾಗಿ ಬೆಲೆಯಿಲ್ಲ. ಹತ್ತಾರು ವರ್ಷ ಅವರು ಮಾಡಿದ್ದು ಎರಡು ತಳಿಗಳನ್ನು ಕೂಡಿಸಿ, ಯಾವ ಜೀನ್ ಯಾವುದರ ಪಕ್ಕ ಇದೆ ಎಂದು ನಕ್ಷೆ ಬರೆಯುವ ಕೆಲಸ. ಇಂಥ ಕೆಲಸಕ್ಕೆ ಕಾಯುವ ತಾಳ್ಮೆ ಒಂದು ಸಂಸ್ಥೆಗೆ ಇತ್ತು ಎಂಬುದನ್ನು ಈಗಿನ ದಿನಗಳಲ್ಲಿ ನಿಂತು ಗಮನಿಸಬೇಕು.

ಆ ನೀಲಿಯ ಹೆಸರು ಆಕ್ಟಿನೊರೋಡಿನ್. ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಬರಿಗಣ್ಣಿಗೆ ಕಾಣುವ ವಸ್ತುವಾದ್ದರಿಂದ ಅದನ್ನು ಮಾಡಲಾಗದ ತಳಿಗಳನ್ನು ಹುಡುಕುವುದು ಸುಲಭ: ತಟ್ಟೆಯಲ್ಲಿ ಬಿಳಿಚಿಕೊಂಡ ಚುಕ್ಕೆಗಳನ್ನು ಆರಿಸಿದರಾಯಿತು. ಬ್ರಯನ್ ರಡ್ ಮತ್ತು ಹಾಪ್‌ವುಡ್ 1979ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಲು ಬಹಳ ಸರಳ. ನೀಲಿ ಮಾಡಲಾಗದ ಎರಡು ತಳಿಗಳನ್ನು ತಟ್ಟೆಯಲ್ಲಿ ಅಕ್ಕಪಕ್ಕ ಗೀರು ಎಳೆದಂತೆ ಬಿತ್ತುವುದು. ಕೆಲವು ಜೋಡಿಗಳಲ್ಲಿ ಏನೂ ಆಗುವುದಿಲ್ಲ. ಇನ್ನು ಕೆಲವು ಜೋಡಿಗಳಲ್ಲಿ ಎರಡು ಗೀರು ಹತ್ತಿರ ಬಂದ ಅಂಚಿನಲ್ಲಿ ಮಾತ್ರ, ಒಂದೇ ಬದಿಯಲ್ಲಿ, ನೀಲಿ ಮೂಡುತ್ತದೆ. ಒಂದು ತಳಿ ದಾರಿಯ ಮುಂದಿನ ಹಂತದಲ್ಲಿ ನಿಂತುಬಿಟ್ಟು ಅರೆಬರೆ ವಸ್ತುವನ್ನು ಹೊರಗೆ ಚೆಲ್ಲಿದೆ. ಮೊದಲಿನ ಹಂತವನ್ನಷ್ಟೇ ಕಳೆದುಕೊಂಡಿದ್ದ ಪಕ್ಕದ ತಳಿ ಅದನ್ನು ಹೀರಿ ಉಳಿದ ಕೆಲಸ ಮುಗಿಸಿದೆ. ಯಾರು ಕೊಟ್ಟರು, ಯಾರು ಪಡೆದರು ಎಂದು ಗುರುತು ಹಾಕುತ್ತ ಹೋಗಿ ತಳಿಗಳನ್ನು ಏಳು ಗುಂಪು ಮಾಡಿ, ನೀಲಿ ತಯಾರಾಗುವ ಕ್ರಮವನ್ನು ಬಿಡಿಸಿದರು. ಆ ಜೀನ್‌ಗಳೆಲ್ಲ ವರ್ಣತಂತುವಿನ ಒಂದೇ ಜಾಗದಲ್ಲಿ ಒತ್ತೊತ್ತಾಗಿ ಕೂತಿವೆ ಎಂದೂ ಗೊತ್ತಾಯಿತು.

ಅಷ್ಟರಲ್ಲಿ ಡಿಎನ್‌ಎ ಕತ್ತರಿಸಿ ಅಂಟಿಸುವ ಕಾಲ ಬಂದಿತ್ತು. ಮರ್ವಿನ್ ಬಿಬ್, ಜೂಡಿ ವಾರ್ಡ್, ಹಾಪ್‌ವುಡ್ 1978ರಲ್ಲಿ ಸ್ಟ್ರೆಪ್ಟೊಮೈಸಿಸ್‌ಗೆ ಹೊರಗಿನ ಪ್ಲಾಸ್ಮಿಡ್, ಅಂದರೆ ವರ್ಣತಂತುವಿನಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ, ಸೇರಿಸುವ ದಾರಿ ಕಂಡರು. ಕೀತ್ ಚೇಟರ್, ಟೋಬಿಯಾಸ್ ಕೀಸರ್ ಮುಂತಾದವರ ಕೈಯಲ್ಲಿ ಒಂದೊಂದೇ ಉಪಕರಣ ಸಿದ್ಧವಾಯಿತು. 1985ರಲ್ಲಿ ಆ ಕೈಕೆಲಸದ ಗುಟ್ಟುಗಳನ್ನೆಲ್ಲ ಒಂದು ಕೈಪಿಡಿಯಾಗಿ ಸಂಸ್ಥೆ ಹೊರತಂದಿತು. ಇವತ್ತಿಗೂ ಜಗತ್ತಿನ ಯಾವುದೇ ಸ್ಟ್ರೆಪ್ಟೊಮೈಸಿಸ್ ಪ್ರಯೋಗಾಲಯದ ಫ್ರೀಜರ್ ತೆಗೆದರೆ ಪಿಐಜೆ ಎಂದು ಶುರುವಾಗುವ ಹೆಸರಿನ ಪ್ಲಾಸ್ಮಿಡ್‌ಗಳು ಸಿಗುತ್ತವೆ. ಆ ಐ, ಜೆ ಅಕ್ಷರಗಳು ಈ ಸಂಸ್ಥೆಯ ಗುರುತು. ಕಂಡುಕೊಂಡದ್ದನ್ನು ಬಚ್ಚಿಡದೆ ಹಂಚುವುದು ಇಲ್ಲಿನ ನಡೆಯಾಗಿತ್ತು. ಒಂದು ವಿದ್ಯೆಗೆ ಜಗತ್ತಿನಾದ್ಯಂತ ಬಳಗ ಹುಟ್ಟಿದ್ದು ಹೀಗೆ. ಸಂಸ್ಥೆಯ ದೊಡ್ಡ ಸಾಧನೆ ಇದೇ ಎಂದರೂ ನಾನು ಒಪ್ಪುತ್ತೇನೆ.

1984ರಲ್ಲಿ ಸ್ಪೇನಿನಿಂದ ಬಂದಿದ್ದ ಫ್ರಾನ್ಸಿಸ್ಕೊ ಮಲ್ಪರ್ಟಿಡ ಮತ್ತು ಹಾಪ್‌ವುಡ್ ಆಕ್ಟಿನೊರೋಡಿನ್‌ನ ಇಡೀ ಜೀನ್ ಗೊಂಚಲನ್ನು ಒಂದೇ ಪ್ಲಾಸ್ಮಿಡ್‌ಗೆ ಏರಿಸಿ ಬೇರೊಂದು ಜಾತಿಗೆ, ಸ್ಟ್ರೆಪ್ಟೊಮೈಸಿಸ್ ಪಾರ್ವ್ಯುಲಸ್‌ಗೆ, ಸೇರಿಸಿದರು. ಎಂದೂ ನೀಲಿ ಮಾಡದ ಆ ಜಾತಿ ನೀಲಿಯಾಯಿತು. ಒಂದು ಆಂಟಿಬಯಾಟಿಕ್‌ನ ಪೂರ್ತಿ ತಯಾರಿಕೆಯನ್ನು ಹೀಗೆ ಎತ್ತಿ ಇನ್ನೊಂದು ಜೀವಿಯಲ್ಲಿ ನೆಟ್ಟದ್ದು ಅದೇ ಮೊದಲು. ಮರುವರ್ಷ ಜಪಾನಿನ ಸತೋಶಿ ಒಮುರ ಅವರ ಜತೆ ಸೇರಿ ಇದೇ ಜೀನ್‌ಗಳನ್ನು ಮೆಡರ್ಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಮಾಡುವ ತಳಿಗೆ ಕೊಟ್ಟಾಗ, ಎರಡೂ ದಾರಿಗಳು ಬೆರೆತು ನಿಸರ್ಗದಲ್ಲಿ ಯಾರೂ ಕಂಡಿರದ ಮೆಡರ್ರೋಡಿನ್ ಎಂಬ ವಸ್ತು ಹುಟ್ಟಿತು. ಒಮುರ ಮುಂದೆ, 2015ರಲ್ಲಿ, ಅವರ್ಮೆಕ್ಟಿನ್ ಶೋಧಕ್ಕಾಗಿ ನೊಬೆಲ್ ಪಡೆದರು.

ವಿಕಾಸದ ಕಥೆಗೆ ಇವುಗಳಿಗಿಂತ ಮುಖ್ಯವಾದ ಸಂಗತಿ 1987ರದು. ನೀಲಿಯ ಜೀನ್ ತುಂಡನ್ನು ಸುಳಿವಾಗಿ ಬಳಸಿ ಬೇರೆ ಬೇರೆ ಆಂಟಿಬಯಾಟಿಕ್ ಮಾಡುವ ಹಲವು ಜಾತಿಗಳ ಡಿಎನ್‌ಎಯನ್ನು ತಡಕಾಡಿದಾಗ, ಅದಕ್ಕೆ ಹೋಲುವ ಜೀನ್‌ಗಳು ಒಂದಾದ ಮೇಲೊಂದು ಸಿಕ್ಕವು. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲದ ಔಷಧಗಳ ತಯಾರಿಕೆಯ ಹಿಂದೆ ಒಂದೇ ಮನೆತನ ಇತ್ತು.

ಆ ಮನೆತನದ ಹಿರಿಯ ನಮ್ಮ ಮೈಯಲ್ಲೂ ಇದ್ದಾನೆ: ಕೊಬ್ಬು ಮಾಡುವ ಕಿಣ್ವ. ಎರಡು ಇಂಗಾಲದ ಅಸಿಟೇಟ್ ತುಂಡುಗಳನ್ನು ಒಂದಕ್ಕೊಂದು ಪೋಣಿಸಿ ಉದ್ದದ ಸರಪಳಿ ಮಾಡುವುದು ಅದರ ಕಸುಬು. ಪ್ರತಿ ಸಲ ಒಂದು ತುಂಡು ಸೇರಿದಾಗ ಅಲ್ಲೊಂದು ಆಮ್ಲಜನಕ ಉಳಿಯುತ್ತದೆ. ಕೊಬ್ಬಿನ ಕಿಣ್ವ ಮೂರು ಹಂತದಲ್ಲಿ ಅದನ್ನು ಪೂರ್ತಿ ತೆಗೆದು, ಸರಪಳಿಯನ್ನು ನುಣ್ಣಗೆ ಮಾಡಿ, ಆಮೇಲೆ ಮುಂದಿನ ತುಂಡು ಸೇರಿಸುತ್ತದೆ. ನಮ್ಮ ನೀಲಿಯೂ ಎರಿತ್ರೊಮೈಸಿನ್ನೂ ಸೇರುವ ಪಾಲಿಕೀಟೈಡ್ ಎಂಬ ಗುಂಪಿನ ಅಣುಗಳನ್ನು ಮಾಡುವ ಕಿಣ್ವಗಳ ಕೆಲಸವೂ ಇದೇ. ಒಂದು ವ್ಯತ್ಯಾಸವೆಂದರೆ, ಅವು ಆ ಮೂರು ಹಂತಗಳನ್ನು ಕೆಲವು ಸಲ ಮಾಡುತ್ತವೆ, ಕೆಲವು ಸಲ ಅರ್ಧಕ್ಕೆ ಬಿಡುತ್ತವೆ, ಕೆಲವು ಸಲ ಮಾಡುವುದೇ ಇಲ್ಲ. ಬಿಟ್ಟ ಕಡೆಯೆಲ್ಲ ಅಣುವಿಗೆ ಒಂದು ಹಿಡಿಕೆ ಉಳಿಯುತ್ತದೆ. ಔಷಧವಾಗಿ ಅದು ಕೆಲಸ ಮಾಡುವುದು ಈ ಹಿಡಿಕೆಗಳ ಬಲದಿಂದ.

ಎಲ್ಲಿ ಬಿಡಬೇಕು ಎಂದು ಕಿಣ್ವಕ್ಕೆ ಹೇಗೆ ಗೊತ್ತು? ಇದಕ್ಕೆ ಉತ್ತರ ಎರಿತ್ರೊಮೈಸಿನ್ ಮಾಡುವ ಬ್ಯಾಕ್ಟೀರಿಯದಿಂದ ಬಂತು. ಫಿಲಿಪೀನ್ಸ್‌ನ ಮಣ್ಣಿನಿಂದ ಬಂದ ಅದಕ್ಕೆ ಈಗ ಸ್ಯಾಕರೊಪಾಲಿಸ್ಪೋರ ಎರಿತ್ರಿಯ ಎಂದು ಹೆಸರು. ತಾನು ಮಾಡುವ ವಿಷ ತನಗೇ ತಗಲದಂತೆ ಅದು ಇಟ್ಟುಕೊಂಡಿರುವ ರಕ್ಷಣೆಯ ಜೀನ್ ಅನ್ನು 1980ರ ದಶಕದ ಆರಂಭದಲ್ಲೇ ಜಾನ್ ಇನ್ನಿಸ್‌ನವರು ಬೇರ್ಪಡಿಸಿದ್ದರು. ತಯಾರಿಕೆಯ ಜೀನ್‌ಗಳೂ ರಕ್ಷಣೆಯ ಜೀನೂ ನೆರೆಹೊರೆಯಲ್ಲೇ ಇರುತ್ತವೆ ಎಂಬ ತಿಳಿವಳಿಕೆ ಹಿಡಿದು ಕೇಂಬ್ರಿಡ್ಜಿನ ಪೀಟರ್ ಲೀಡ್‌ಲೇ ಬಳಗ ಮತ್ತು ಅಮೆರಿಕದ ಅಬಟ್ ಕಂಪನಿಯ ಲೆನರ್ಡ್ ಕಾಟ್ಸ್ ಬಳಗ ಆ ಜಾಗದಿಂದ ಮುಂದಕ್ಕೆ ಓದುತ್ತ ಹೋದವು. 1990 ಮತ್ತು 1991ರಲ್ಲಿ ಪ್ರಕಟವಾದ ಅವರ ಫಲಿತಾಂಶ ಯಾರೂ ನಿರೀಕ್ಷಿಸದ್ದು. ಒಂದೊಂದೂ ಮೂರು ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳ ಮೂರು ದೈತ್ಯ ಪ್ರೋಟೀನ್‌ಗಳು. ಬ್ಯಾಕ್ಟೀರಿಯದ ಸಾಮಾನ್ಯ ಪ್ರೋಟೀನ್ ಇದರ ಹತ್ತನೇ ಒಂದು ಭಾಗ ಇದ್ದೀತು. ಪ್ರತಿ ಪ್ರೋಟೀನಿನಲ್ಲಿ ಎರಡೆರಡು ಮಾಡ್ಯೂಲ್, ಒಟ್ಟು ಆರು. ಒಂದು ಮಾಡ್ಯೂಲ್ ಎಂದರೆ ಒಂದು ತುಂಡು ಸೇರಿಸಿ ಅದನ್ನು ತಿದ್ದಲು ಬೇಕಾದ ಕಿಣ್ವಗಳ ಒಂದು ಕಟ್ಟು. ಕೊಬ್ಬಿನ ಕಿಣ್ವ ಒಂದೇ ಕಟ್ಟನ್ನು ಮತ್ತೆ ಮತ್ತೆ ಬಳಸಿದರೆ, ಇಲ್ಲಿ ಪ್ರತಿ ಸುತ್ತಿಗೂ ಬೇರೆ ಕಟ್ಟು.

ತಾರಸಿ ಹಾಕುವ ದಿನ ನೆಲದಿಂದ ಮೇಲಿನವರೆಗೆ ಆಳುಗಳು ಸಾಲಾಗಿ ನಿಂತು ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಬೆಳೆಯುತ್ತಿರುವ ಸರಪಳಿ ಒಂದು ಮಾಡ್ಯೂಲಿನ ತೋಳಿನಿಂದ ಮುಂದಿನ ಮಾಡ್ಯೂಲಿನ ತೋಳಿಗೆ ದಾಟುತ್ತದೆ. ದಾಟುವಾಗ ಮೂರು ಇಂಗಾಲದ ಒಂದು ತುಂಡು ಸೇರುತ್ತದೆ. ಮೊದಲ ತುಂಡೂ ಸೇರಿ ಏಳು, ಅಂದರೆ ಇಪ್ಪತ್ತೊಂದು ಇಂಗಾಲ. ಸಾಲಿನ ಕೊನೆಯಲ್ಲಿರುವ ಕಿಣ್ವ ಸರಪಳಿಯನ್ನು ಬಾಗಿಸಿ ಹದಿನಾಲ್ಕು ಪರಮಾಣುಗಳ ಉಂಗುರ ಮಾಡಿ ಕಳಚಿಬಿಡುತ್ತದೆ. ಆಮೇಲೆ ಎರಡು ಸಕ್ಕರೆ ಅಂಟಿಸುವುದು ಮುಂತಾದ ಕೆಲಸ ಬೇರೆ ಕಿಣ್ವಗಳದ್ದು. ಅಬಟ್‌ನವರು ಐದನೇ ಮಾಡ್ಯೂಲಿನ ಒಂದು ತಿದ್ದುವ ಕಿಣ್ವವನ್ನು ಕತ್ತರಿಸಿ ತೆಗೆದಾಗ, ಉಂಗುರದಲ್ಲಿ ಆ ಮಾಡ್ಯೂಲಿಗೆ ಸಂಬಂಧಪಟ್ಟ ಮೂಲೆ ಮಾತ್ರ ಬದಲಾಯಿತು. ಜೀನ್‌ನ ಸಾಲನ್ನು ಎಡದಿಂದ ಓದುತ್ತ ಹೋದರೆ ಔಷಧದ ಅಣುವನ್ನೇ ಓದಿದಂತೆ.

ಈ ಸಾಲನ್ನು ಹತ್ತಿರದಿಂದ ನೋಡಿದರೆ ಅದರ ಹುಟ್ಟಿನ ಗುರುತುಗಳು ಕಾಣುತ್ತವೆ. ನಾಲ್ಕನೇ ಮಾಡ್ಯೂಲಿನಲ್ಲಿ ಕೊಬ್ಬಿನ ಕಿಣ್ವದ ಮೂರೂ ತಿದ್ದುವ ಭಾಗಗಳು ಪೂರ್ತಿಯಾಗಿವೆ, ಮೂಲ ಮನೆಯ ಸಾಮಾನು ಹಾಗೇ. ಒಂದು, ಎರಡು, ಐದು, ಆರರಲ್ಲಿ ಮೊದಲ ಭಾಗ ಮಾತ್ರ ಉಂಟು. ಮೂರನೆಯದರ ಕಥೆ ಬೇರೆ. ಅಲ್ಲಿ ಆ ಭಾಗ ಇದೆ, ತಿದ್ದುವ ಶಕ್ತಿ ಇಲ್ಲ. ಕೆಲಸ ಕಳೆದುಕೊಂಡ ಹಳೆಯ ಪಳೆಯುಳಿಕೆ ಎಂದೇ ಬಹಳ ಕಾಲ ತಿಳಿದಿದ್ದರು. ಅಮೆರಿಕದ ಡೇವಿಡ್ ಕೇನ್, ಚೈತನ್ ಖೋಸ್ಲ ಮುಂತಾದವರು ಸೂಕ್ಷ್ಮವಾಗಿ ನೋಡಿದಾಗ, ಅದು ಅಲ್ಲಿಗೆ ಬಂದ ತುಂಡಿನ ಒಂದು ಪಕ್ಕದ ಗುಂಪನ್ನು ಬಲದಿಂದ ಎಡಕ್ಕೆ ಹೊರಳಿಸುವಂಥ ಕೆಲಸ ಮಾಡುತ್ತಿದೆ ಎಂದು ತಿಳಿಯಿತು. ಒಂದು ಕಸುಬು ಬಿಟ್ಟುಹೋದರೂ ಉಳಿದ ಶಕ್ತಿ ಇನ್ನೊಂದು ಉಪಯೋಗಕ್ಕೆ ಬಂದಿತ್ತು. ಯೋಜನೆ ಹಾಕಿ ಕಟ್ಟಿದ ಯಂತ್ರದಲ್ಲಿ ಇಂಥದ್ದು ಸಿಗುವುದಿಲ್ಲ.

ಹಾಗಾದರೆ ಆರು ಮಾಡ್ಯೂಲು ಬಂದದ್ದು ಹೇಗೆ? ಡಿಎನ್‌ಎ ನಕಲಾಗುವಾಗ ಒಮ್ಮೊಮ್ಮೆ ತಪ್ಪಿ ಒಂದು ಮಾಡ್ಯೂಲಿನ ಜೀನ್ ಎರಡಾಗುತ್ತದೆ. ಎರಡೂ ಒಂದೇ ಥರ ಇರುವುದರಿಂದ, ಮುಂದೆ ಎರಡು ಡಿಎನ್‌ಎ ಎಳೆಗಳು ಜೋಡಿಯಾಗಿ ತುಂಡು ವಿನಿಮಯ ಮಾಡಿಕೊಳ್ಳುವಾಗ ಒಂದು ಮನೆ ಹಿಂದೆ ಮುಂದೆ ಜಾರಿ ಕೂರುವ ಸಂಭವ ಹೆಚ್ಚು. ಹಾಗೆ ಜಾರಿದರೆ ಒಂದು ಕಡೆ ಮೂರು, ಇನ್ನೊಂದು ಕಡೆ ಒಂದು. ಹೀಗೆ ಸಾಲು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಹೆಚ್ಚುವರಿಯಾಗಿ ಬಂದ ಪ್ರತಿಯಲ್ಲಿ ಒಂದು ತಿದ್ದುವ ಭಾಗ ಕೆಟ್ಟುಹೋದರೂ ಜೀವಿ ಸಾಯುವುದಿಲ್ಲ. ಮಾಡುವ ಅಣು ಮಾತ್ರ ಬೇರೆಯಾಗುತ್ತದೆ. ಆ ಬೇರೆ ಅಣು ನೆರೆಯ ಬ್ಯಾಕ್ಟೀರಿಯವನ್ನೋ ಬೂಷ್ಟನ್ನೋ ಹಿಮ್ಮೆಟ್ಟಿಸಿದರೆ ಆ ತಳಿ ಉಳಿಯುತ್ತದೆ. ಒಂದು ಗೊಂಚಲಿನ ಮಾಡ್ಯೂಲುಗಳು ಬೇರೆ ಗೊಂಚಲಿನವಕ್ಕಿಂತ ತಮ್ಮತಮ್ಮಲ್ಲೇ ಹೆಚ್ಚು ಹೋಲುವುದು ಎಷ್ಟೋ ಕಡೆ ಕಂಡುಬಂದಿದೆ. ಇದರ ಅತಿ ಸ್ಪಷ್ಟ ಉದಾಹರಣೆ ಪಶ್ಚಿಮ ಆಫ್ರಿಕದಲ್ಲಿ ಚರ್ಮವನ್ನು ಕೊಳೆಸುವ ಬುರುಲಿ ಹುಣ್ಣಿನ ರೋಗಾಣು. ಅದರ ವಿಷ ಮೈಕೊಲ್ಯಾಕ್ಟೋನ್. ಅದನ್ನು ಮಾಡುವ ಜೀನ್‌ಗಳು 1,74,000 ಡಿಎನ್‌ಎ ಅಕ್ಷರಗಳ ಒಂದು ಪ್ಲಾಸ್ಮಿಡ್‌ನ ಮೇಲಿವೆ ಎಂದು 2004ರಲ್ಲಿ ತಿಳಿಯಿತು. ಅಲ್ಲಿನ ಮಾಡ್ಯೂಲುಗಳಲ್ಲಿ ಒಂದೇ ಕೆಲಸದ ಭಾಗಗಳು ನೂರಕ್ಕೆ 97ಕ್ಕೂ ಹೆಚ್ಚು ಪಾಲು ಒಂದೇ ಆಗಿವೆ. ನಕಲು ಮಾಡಿದ ಶಾಯಿ ಇನ್ನೂ ಒಣಗದಷ್ಟು ಇತ್ತೀಚಿನ ವಿಕಾಸ ಅದು.

ಇಡೀ ಗೊಂಚಲೇ ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟುವುದೂ ಉಂಟು. ತಯಾರಿಕೆಯೂ ರಕ್ಷಣೆಯೂ ಜತೆಗಿದ್ದರೆ ಮಾತ್ರ ಅಂಥ ಪಯಣ ಕ್ಷೇಮ, ಇಲ್ಲವಾದರೆ ಪಡೆದವರು ತಮ್ಮ ವಿಷಕ್ಕೆ ತಾವೇ ಬಲಿ. ಸೀಲಿಕಲರ್‌ನ ಇನ್ನೊಂದು ಆಂಟಿಬಯಾಟಿಕ್ ಮೆತಿಲೆನೊಮೈಸಿನ್‌ನ ತಯಾರಿಕೆಯೂ ರಕ್ಷಣೆಯೂ ಒಂದು ಪ್ಲಾಸ್ಮಿಡ್‌ಗೆ ಸೇರಿವೆ ಎಂದು ಹಾಪ್‌ವುಡ್ ಬಳಗ 1975ರಷ್ಟು ಹಿಂದೆಯೇ ತೋರಿಸಿತ್ತು.

ಈ ಯಂತ್ರದ ನಕ್ಷೆ ಕೈಗೆ ಬಂದಮೇಲೆ ಅದನ್ನು ನಾವೇ ಕಟ್ಟಬಹುದೆಂಬ ಉತ್ಸಾಹ ಹರಡಿತು. ಮುಂಬೈ ಐಐಟಿಯಲ್ಲಿ ಓದಿದ ಚೈತನ್ ಖೋಸ್ಲ ನಾರಿಚ್‌ಗೆ ಬಂದು ಹಾಪ್‌ವುಡ್ ಜತೆ ಕೆಲಸ ಮಾಡಿ ಸ್ಟ್ಯಾನ್‌ಫರ್ಡ್‌ಗೆ ಹೋದವರು. ಅವರು ಸೀಲಿಕಲರ್‌ನಿಂದ ನೀಲಿಯ ಜೀನ್‌ಗಳನ್ನೇ ತೆಗೆದುಹಾಕಿ ಸಿಎಚ್999 ಎಂಬ ಖಾಲಿ ತಳಿ ಸಿದ್ಧಪಡಿಸಲು ನೆರವಾದರು. 1993ರಲ್ಲಿ ಅದರಲ್ಲಿ ಬೇರೆ ಬೇರೆ ಜೀನ್‌ಗಳನ್ನು ಬೆರೆಸಿ ಹೊಸ ಅಣುಗಳನ್ನು ಪಡೆದರು. 1994ರಲ್ಲಿ ಎರಿತ್ರೊಮೈಸಿನ್ ಉಂಗುರದ ಮೂರು ದೈತ್ಯ ಜೀನ್‌ಗಳನ್ನೂ ಖೋಸ್ಲ ಮತ್ತು ಕಾಟ್ಸ್ ಅದೇ ತಳಿಗೆ ಏರಿಸಿದರು, ಉಂಗುರ ತಯಾರಾಯಿತು. ನೀಲಿಗೆಂದು ನಾಲ್ಕು ದಶಕ ಪಳಗಿಸಿದ ಬ್ಯಾಕ್ಟೀರಿಯ ಜಗತ್ತಿನ ಔಷಧಕ್ಕೆ ಆಸರೆಯಾದ ಗಳಿಗೆ ಅದು. ಆದರೆ ಒಂದು ಔಷಧದ ಮಾಡ್ಯೂಲ್ ಕಿತ್ತು ಇನ್ನೊಂದರ ಸಾಲಿಗೆ ಸಿಕ್ಕಿಸುವ ಪ್ರಯತ್ನಗಳು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಬಂದ ಅಣು ಕಡಿಮೆ, ಎಷ್ಟೋ ಸಲ ಏನೂ ಬಾರದು. ಕಾಗದದ ಮೇಲೆ ಮಾಡ್ಯೂಲಿಗೂ ಮಾಡ್ಯೂಲಿಗೂ ನಡುವೆ ನಾವು ಎಳೆದ ಗೆರೆ ಕಿಣ್ವಕ್ಕೆ ಒಪ್ಪಿಗೆಯಾಗುವ ಗೆರೆಯೇ ಆಗಿರಬೇಕೆಂದಿಲ್ಲ.

2002ರಲ್ಲಿ ಕೇಂಬ್ರಿಡ್ಜ್ ಬಳಿಯ ಸ್ಯಾಂಗರ್ ಸಂಸ್ಥೆಯ ಜತೆ ಸೇರಿ ಓದಿದ ಸೀಲಿಕಲರ್‌ನ ಪೂರ್ತಿ ಜೀನೋಮ್ ಪ್ರಕಟವಾಯಿತು. ಹೆಲೆನ್ ಕೀಸರ್ ಮುಂತಾದವರು ವರ್ಣತಂತುವನ್ನು ತುಂಡುತುಂಡಾಗಿ ಕ್ರಮದಲ್ಲಿ ಜೋಡಿಸಿಟ್ಟಿದ್ದ ಸಂಗ್ರಹ ಅದಕ್ಕೆ ತಳಹದಿ. 86,67,507 ಅಕ್ಷರ, 7,825 ಜೀನ್, ಯೀಸ್ಟ್‌ಗಿಂತಲೂ ಹೆಚ್ಚು. ಹಾಪ್‌ವುಡ್ ವೃತ್ತಾಕಾರವಾಗಿ ಬರೆದಿದ್ದ ನಕ್ಷೆಯ ವರ್ಣತಂತು ನಿಜದಲ್ಲಿ ಎರಡು ತುದಿಯ ನೇರ ಎಳೆ ಎಂಬುದು ಅಷ್ಟರಲ್ಲಿ ಖಚಿತವಾಗಿತ್ತು. ಜೀನ್‌ಗಳ ಸರದಿ ಮಾತ್ರ ಅವರು ಬರೆದ ಹಾಗೆಯೇ ನಿಂತಿತು. ಅಚ್ಚರಿ ಬೇರೆಯೇ. ಅರ್ಧ ಶತಮಾನ ಅಷ್ಟು ಹತ್ತಿರದಿಂದ ಕಂಡ ಜೀವಿ ಮಾಡುವ ಆಂಟಿಬಯಾಟಿಕ್‌ಗಳೆಂದು ಗೊತ್ತಿದ್ದದ್ದು ಬೆರಳೆಣಿಕೆಯಷ್ಟು. ಜೀನೋಮಿನಲ್ಲಿ ಇಂಥ ವಿಶೇಷ ಅಣುಗಳ ತಯಾರಿಕೆಗೆ ಇಪ್ಪತ್ತಕ್ಕೂ ಹೆಚ್ಚು ಗೊಂಚಲುಗಳಿದ್ದವು. ಬಹುಪಾಲು ಗೊಂಚಲುಗಳು ಪ್ರಯೋಗಾಲಯದ ತಟ್ಟೆಯಲ್ಲಿ ಬಾಯಿ ಬಿಡುವುದಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ನೆನಪು ಸೇರಿಸಲೇಬೇಕು. ಪುಣೆ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಶುರುವಾದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ ಸಂಶೋಧನೆ ನಡೆಸಿದವರು ಮೈಸೂರು ಸೀಮೆಯ ಎಂ.ಜೆ. ತಿರುಮಲಾಚಾರ್. ಶಿಲೀಂಧ್ರಶಾಸ್ತ್ರದಲ್ಲಿ ದೊಡ್ಡ ಹೆಸರು. ಮಣ್ಣಿನಿಂದ ಬಂದ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ ಎಂಬ ಜಾತಿಯಿಂದ ಅವರ ಬಳಗ ಪಡೆದ ಹಾಮೈಸಿನ್ ಬೂಷ್ಟುರೋಗಗಳಿಗೆ ಔಷಧವಾಯಿತು. ಪಾಲಿಯೀನ್ ಎಂಬ ಗುಂಪಿನ ಆ ಅಣುವೂ ಇಂಥ ಮಾಡ್ಯೂಲುಗಳ ಉದ್ದನೆಯ ಸಾಲಿನ ಕೂಸೇ. 1960ರ ಸುಮಾರಿನಲ್ಲಿ ಅದನ್ನು ಕೈಗೆತ್ತಿಕೊಂಡವರಿಗೆ ಒಳಗಿನ ಯಂತ್ರ ಕಾಣುವ ಉಪಾಯ ಇರಲಿಲ್ಲ. ಮಣ್ಣು, ತಟ್ಟೆ, ಪಳಗಿದ ಕಣ್ಣು, ಇಷ್ಟರಲ್ಲೇ ಅವರು ಅದನ್ನು ಕಂಡರು. ಆ ಕಾಲದ ನಮ್ಮವರ ಕೆಲಸ ಇನ್ನೂ ಹೆಚ್ಚು ನೆನೆಯಲ್ಪಡಬೇಕಾದದ್ದು.

ನಾರಿಚ್‌ಗೆ ಮರಳೋಣ. ರಪಮೈಸಿನ್ ಎಂಬುದು ಈಸ್ಟರ್ ದ್ವೀಪದ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಮಾಡುವ ಅಣು; ಭಾರತ ಮೂಲದ ಸುರೇಂದ್ರನಾಥ್ ಸೆಹಗಲ್ ಹಟ ಹಿಡಿದು ಉಳಿಸಿಕೊಂಡ ಅದು ಈಗ ಕಿಡ್ನಿ ಕಸಿಯಾದವರ ಔಷಧ. ಅದರ ಸಾಲಿನಲ್ಲಿ ಹದಿನಾಲ್ಕು ಮಾಡ್ಯೂಲು. ಐಸೊಮರೇಸ್ ಕಂಪನಿಯವರೂ ಜಾನ್ ಇನ್ನಿಸ್‌ನ ಬ್ಯಾರಿ ವಿಲ್ಕಿನ್ಸನ್ ಮುಂತಾದವರೂ 2017ರಲ್ಲಿ ಅದರ ಮೇಲೆ ಮಾಡಿದ ಕೆಲಸದಲ್ಲಿ ಯಾವ ಮಾಡ್ಯೂಲನ್ನೂ ಅಳೆದು ಕತ್ತರಿಸಿ ಅಂಟಿಸುವ ಹಟ ಇರಲಿಲ್ಲ. ಜೀನ್ ಸಾಲಿನೊಳಗೆ ಒಂದು ಹೋಲುವ ತುಂಡನ್ನು ಕೂರಿಸಿ, ಹೊರಬೀಳುವಾಗ ಅದು ತನಗೆ ಹೋಲುವ ಯಾವ ಜಾಗದ ಜತೆ ಬೇಕಾದರೂ ಬೆಸೆದುಕೊಳ್ಳಲು ಬಿಟ್ಟರು. ಒಂದೇ ಪ್ರಯೋಗದಲ್ಲಿ ಬಗೆಬಗೆಯ ತಳಿಗಳು ಬಂದವು: ಕೆಲವು ಮಾಡ್ಯೂಲ್ ಕಳೆದುಕೊಂಡವು, ಕೆಲವು ಹೆಚ್ಚು ಪಡೆದವು. ರಪಮೈಸಿನ್‌ನ ಉಂಗುರ ಕೆಲವೆಡೆ ಗಿಡ್ಡವಾಯಿತು, ಕೆಲವೆಡೆ ಹಿಗ್ಗಿತು. ಅಳೆದು ಕಟ್ಟಿದ ಸಾಲುಗಳು ತೊದಲುತ್ತಿದ್ದಲ್ಲಿ ಹೀಗೆ ಜಾರಿ ಹುಟ್ಟಿದ ಎಷ್ಟೋ ಸಾಲುಗಳು ಚೆನ್ನಾಗಿ ಅಣು ಕೊಟ್ಟವು. ನಿಸರ್ಗದಲ್ಲಿ ಬಹುಶಃ ಹೀಗೇ ನಡೆಯುವ ವಿಕಾಸವನ್ನು ವೇಗಗೊಳಿಸಿದ್ದೇವೆ ಎಂದು ಅವರು ಬರೆದರು. ಮತ್ತೆ ಮತ್ತೆ ಬರುವ ಭಾಗಗಳ ಎಣಿಕೆ ಏರಿಳಿಯುವುದೇ ಹೊಸತಿನ ಒಂದು ಹುಟ್ಟು ಎಂಬ ಬೇಟ್ಸನ್‌ನ 1894ರ ಮಾತಿಗೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ತಿಳಿದಿಲ್ಲ.

ಮದ್ದಿಗೆ ಬಗ್ಗದ ಸೋಂಕುಗಳು ಹೆಚ್ಚುತ್ತಿರುವಾಗ ಈ ಕೆಲಸಕ್ಕೆ ತುರ್ತೂ ಬಂದಿದೆ. ವಿಲ್ಕಿನ್ಸನ್ ಮತ್ತು ಮ್ಯಾಟ್ ಹಚಿಂಗ್ಸ್ ಬಳಗ ಈಗ ಮಣ್ಣು ಬಿಟ್ಟು ಬೇರೆ ಕಡೆಗೂ ಹುಡುಕುತ್ತಿದೆ. ಕೀನ್ಯದ ಜಾಲಿ ಜಾತಿಯ ಮರಗಳಲ್ಲಿ ಮನೆಮಾಡುವ ಟೆಟ್ರಾಪೊನೆರ ಇರುವೆಗಳ ಜತೆ ಬದುಕುವ ಒಂದು ಸ್ಟ್ರೆಪ್ಟೊಮೈಸಿಸ್ ಅವರಿಗೆ ಸಿಕ್ಕಿತು, ಹೆಸರು ಫಾರ್ಮಿಸೆ. ಅದು ಮಾಡುವ ಫಾರ್ಮಿಕಾಮೈಸಿನ್‌ಗಳೂ ಪಾಲಿಕೀಟೈಡ್‌ಗಳೇ, ನೀಲಿ ಆಕ್ಟಿನೊರೋಡಿನ್‌ಗೆ ದಾಯಾದಿಗಳು. ಮೆತಿಸಿಲಿನ್‌ಗೆ ಬಗ್ಗದ ಸ್ಟೆಫಿಲೊಕಾಕಸ್, ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟೆರೊಕಾಕಸ್ ಎರಡರ ಮೇಲೂ ಅವು ಪ್ರಯೋಗಾಲಯದಲ್ಲಿ ಪರಿಣಾಮ ತೋರಿವೆ. ಸೀಲಿಕಲರ್‌ನಂತೆಯೇ ಇಲ್ಲೂ ಮುಂದಿನ ಪ್ರಶ್ನೆ ಒಂದೇ: ಈ ಗೊಂಚಲನ್ನು ಯಾವ ಜೀನ್ ತಡೆದು ಹಿಡಿದಿದೆ, ಅದನ್ನು ತೆಗೆದರೆ ಎಷ್ಟು ಹೆಚ್ಚು ಬರುತ್ತದೆ? ಆ ಕೆಲಸ ನಾರಿಚ್‌ನಲ್ಲಿ ನಡೆಯುತ್ತಿದೆ.